ಎಂಬತ್ತೆಂಟನೇ ಸಾಲು

ಗುರು ಲ್ಯಾಪ್‌ಟಾಪನ್ನು ಮದುವೆ ಹೆಣ್ಣಿನ ಹಾಗೆ ಮಾಡಿಟ್ಟಿದ್ದ. ಗರಗರ ಅನ್ನುತ್ತಿದ್ದ ಹಳೇ ಫ್ಯಾನ್ ತೆಗೆದು ಹೊಸದು ಹಾಕಿದ್ದ, ಕೀಗಳ ಸಂದಿಯ ಧೂಳನ್ನು ಬ್ರಷ್ಷಿನಿಂದ ಗುಡಿಸಿದ್ದ, ಪರದೆಗೆ ಮೆತ್ತಿದ್ದ ವಿಭೂತಿಯ ಬೆರಳಚ್ಚನ್ನೂ ಒರೆಸಿದ್ದ.

“ಒಳಗೂ ಕ್ಲೀನ್ ಮಾಡಿದೀನಿ ಅಕ್ಕ,” ಅಂದ. “ಮೂರು ವರ್ಷದಿಂದ ಯಾರೂ ಅಪ್‌ಡೇಟೇ ಮಾಡಿರ್ಲಿಲ್ಲ. ಎಲ್ಲ ಹೊಸದು ಹಾಕಿ, ಜಾಗ ತಿಂತಿದ್ದ ಹಳೇ ಕಸ ಎಲ್ಲ ತೆಗೆದುಬಿಟ್ಟೆ. ಈಗ ಓಡುತ್ತೆ ನೋಡಿ, ಕುದುರೆ ಥರ.”

ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಮೊದಲನೇ ಮಹಡಿಯಲ್ಲಿ ಗುರುವಿನ ರಿಪೇರಿ ಅಂಗಡಿ. ಅವನ ತಾಯಿ ವಿಮಲಮ್ಮ ಅಕ್ಕಪಕ್ಕದವರ ಪಾತ್ರೆಯನ್ನು ಒಂದು ದಿನವೂ ಖಾಲಿ ಹಿಂದಿರುಗಿಸಿದವರಲ್ಲ. ಒಂದು ಹಿಡಿ ಅವರೆಕಾಳೋ ಎರಡು ನಿಂಬೆಹಣ್ಣೋ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿಯೇ ಕಳಿಸುವವರು. ಗುರು ಆ ರೂಢಿಯನ್ನು ಅಂಗಡಿಗೂ ತಂದಿದ್ದ. ಫ್ಯಾನ್ ಸರಿಮಾಡಲು ಬಂದ ಯಂತ್ರಕ್ಕೆ ಬರೀ ಫ್ಯಾನ್ ಹಾಕಿ ಕೊಟ್ಟರೆ ಖಾಲಿ ಪಾತ್ರೆ ಕೊಟ್ಟ ಹಾಗೆ ಅವನಿಗೆ ಮನಸ್ಸು ಹಿಂಡುತ್ತಿತ್ತು. ಹಾಗಾಗಿ ಗಿರಾಕಿ ಕೇಳದಿದ್ದರೂ ಏನಾದರೊಂದು ಹೆಚ್ಚಿಗೆ ಮಾಡಿಯೇ ಕೊಡುತ್ತಿದ್ದ.

ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟಿದ್ದ ಜಯಶೀಲಾಗೂ ಖುಷಿಯೇ ಆಯಿತು. ಬುಧವಾರ ಮಧ್ಯಾಹ್ನದ ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಭದ್ರಾವತಿಗೆ ಬಂದಳು. ಓಲ್ಡ್ ಟೌನಿನ ಬಾಡಿಗೆ ಮನೆಯಲ್ಲಿ ಅವಳ ಗಂಡನನ್ನು ನೋಡಿಕೊಳ್ಳುತ್ತ ಕೂತಿದ್ದ ಪಕ್ಕದ ಮನೆಯ ಕಾಶಮ್ಮನನ್ನು, “ಏನೂ ತೊಂದರೆ ಆಗ್ಲಿಲ್ಲ ತಾನೆ ಕಾಶಮ್ಮ?” ಅಂತ ಕೇಳಿ, ಕೈಕಾಲು ತೊಳೆದು, ಮಂಚದ ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಪಕ್ಕದಲ್ಲಿ ಸಣ್ಣ ಕಬ್ಬಿಣದ ಡಬ್ಬಿ, ಟಿಫಿನ್ ಕ್ಯಾರಿಯರಿನ ಒಂದು ಬಟ್ಟಲಿನಷ್ಟು ದೊಡ್ಡದು. ಡಬ್ಬಿಯಿಂದ ಹೊರಟ ವೈರು ಗಂಡನ ಕನ್ನಡಕದ ಕಡ್ಡಿಗೆ ಹೋಗಿ, ಬಲಹುಬ್ಬಿನ ಹತ್ತಿರ ಕಡಲೆಕಾಳಿನಷ್ಟು ಗಾಜಿನ ಕಣ್ಣಾಗಿ ಮುಗಿಯುತ್ತಿತ್ತು.

ವಿಜಯಕುಮಾರನ ಮೈಯಲ್ಲಿ ಇನ್ನೂ ಹೇಳಿದ ಮಾತು ಕೇಳುತ್ತಿದ್ದದ್ದು ಆ ಬಲಹುಬ್ಬು ಒಂದೇ.

ನರದ ಕಾಯಿಲೆ ಮೊದಲು ಬಂದಿದ್ದು ಬೆರಳಿಗೆ. ಸ್ಕ್ರೂಡ್ರೈವರ್ ಜಾರಿತು. ಆಮೇಲೆ ತುತ್ತು ಜಾರಿತು, ಆಮೇಲೆ ಮಾತು. ನಾಲ್ಕು ವರ್ಷದಲ್ಲಿ ಅದು ಒಂದೊಂದೇ ಕೋಣೆಯ ದೀಪ ಆರಿಸಿಕೊಂಡು ಬಂದು ಹುಬ್ಬಿನ ಹತ್ತಿರ ನಿಂತಿತ್ತು. ಕಾಗದದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅವನು ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ಓಡುವ ಕಾಗದ ಎಲ್ಲಾದರೂ ಹರಿದರೆ ತಕ್ಷಣ ಕಂಡುಹಿಡಿದು ಗಂಟೆ ಬಾರಿಸುವ ಗಾಜಿನ ಕಣ್ಣುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಕಾರ್ಖಾನೆ ನಿಂತು, ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಬಂದ ಮೇಲೆ, ಅಂಥದ್ದೇ ಒಂದು ಕಣ್ಣು, ಒಂದು ಡಬ್ಬಿ ಗುಜರಿಯಲ್ಲಿ ಸಿಕ್ಕಿತ್ತು. ಕೈ ಇನ್ನೂ ಆಡುತ್ತಿದ್ದಾಗಲೇ ಮುಂದೆ ಬರುವ ದಿನವನ್ನು ಲೆಕ್ಕ ಹಾಕಿ, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿಕೊಂಡಿದ್ದ. ಪರದೆಯ ಮೇಲೆ ಅಕ್ಷರಗಳು ಸಾಲಾಗಿ ಸರಿಯುತ್ತವೆ, ಬೇಕಾದ ಅಕ್ಷರ ಬಂದಾಗ ಹುಬ್ಬು ಏರಿಸಿದರೆ ಸಾಕು. ಮಾತು ಮುಗಿದಾಗ ಲ್ಯಾಪ್‌ಟಾಪ್ ಅದನ್ನು ಮೂಗಿನಲ್ಲಿ ಓದಿ ಹೇಳುತ್ತದೆ.

“ಡ್ರೈವರ್ ಅಂದ್ರೆ ಏನು ಗೊತ್ತಾ ಜಯಾ?” ಅಂತ ಆಗ ಅವಳಿಗೆ ಹೇಳಿಕೊಟ್ಟಿದ್ದ. “ನಮ್ ಮಿಲ್ಲಲ್ಲಿ ಒಬ್ಬ ಫಿಟ್ಟರ್ ಇದ್ದ, ತಮಿಳು ಬಿಟ್ರೆ ಒಂದಕ್ಷರ ಬರ್ತಿರ್ಲಿಲ್ಲ. ಸಾಹೇಬ್ರಿಗೆ ತಮಿಳು ಬರಲ್ಲ. ಮಧ್ಯ ಶಿವಕುಮಾರ ಅಂತ ಹೆಲ್ಪರ್ ನಿಂತ್ಕೊಂಡು ಆ ಕಡೆದು ಈ ಕಡೆ, ಈ ಕಡೆದು ಆ ಕಡೆ ಹೇಳ್ತಿದ್ದ. ಅವನು ರಜಾ ಹಾಕಿದ್ರೆ ಮೆಷಿನ್ನೇ ನಿಲ್ತಿತ್ತು. ಡಬ್ಬಿಗೂ ಕಂಪ್ಯೂಟರಿಗೂ ಮಧ್ಯ ನಿಲ್ಲೋ ಶಿವಕುಮಾರನೇ ಡ್ರೈವರ್. ಡಬ್ಬಿ ಮಾಡಿದೋರು ಕೊಟ್ಟ ಶಿವಕುಮಾರ ಹಳೇ ವಿಂಡೋಸಿಗೆ ಮಾತ್ರ ಕೆಲಸ ಮಾಡ್ತಿದ್ದ, ಅದು ಸತ್ತು ಕಾಲ ಆಯ್ತು. ಅದಕ್ಕೇ ನಾನು ವಿಂಡೋಸ್ ತೆಗೆದು ಲಿನಕ್ಸ್ ಅಂತ ಬೇರೆ ಸಿಸ್ಟಮ್ ಹಾಕ್ಕೊಂಡು ನಂದೇ ಒಬ್ಬನ್ನ ಬರ್ಕೊಂಡೆ. ನೂರಾ ನಲವತ್ತು ಸಾಲು. ಈ ಭೂಮಿ ಮೇಲೆ ಇನ್ನೊಂದು ಇಲ್ಲ, ಯಾರಿಗೂ ಬೇಕಾಗೂ ಇಲ್ಲ.”

ಈಗ ಜಯಶೀಲಾ ವೈರು ಚುಚ್ಚಿ, ಬಟನ್ ಒತ್ತಿ, “ಹ್ಞೂಂ, ಮಾತಾಡಿ” ಅಂದಳು.

ಹುಬ್ಬು ಏರಿತು. ಪರದೆಯ ಮೇಲೆ ಏನೂ ಅಲ್ಲಾಡಲಿಲ್ಲ. ಮತ್ತೆ ಏರಿತು. ಡಬ್ಬಿಯ ಮೇಲೆ ಯಾವಾಗಲೂ ಹೊತ್ತುತ್ತಿದ್ದ ಹಸಿರು ದೀಪ ಕಪ್ಪಗಿತ್ತು.

ಅವಳು ವೈರು ತೆಗೆದು ಮತ್ತೆ ಹಾಕಿದಳು, ಲ್ಯಾಪ್‌ಟಾಪ್ ಆರಿಸಿ ಮತ್ತೆ ಹೊತ್ತಿಸಿದಳು. ಆಮೇಲೆ ಅವಳಿಗೆ ನೆನಪಾಗಿದ್ದು ಮಂಗಳವಾರ ಬೆಳಿಗ್ಗೆ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುತ್ತಿದ್ದಾಗ ಗಂಡನ ಹುಬ್ಬು ಒಂದೇ ಸಮನೆ ಏರಿಳಿಯುತ್ತಿತ್ತು, ಏನೋ ಹೇಳಬೇಕು ಅಂತ. “ಬಸ್ ಹೋಗುತ್ತೆ ರೀ, ಬಂದು ಕೇಳ್ತೀನಿ” ಅಂದು ಅವಳು ಚಪ್ಪಲಿ ಮೆಟ್ಟಿದ್ದಳು. ಅಪ್‌ಡೇಟ್ ಮಾಡಬೇಡಿ ಅಂತ ಹೇಳು ಅಂತಲೇ ಇದ್ದಿರಬೇಕು. ಬಸ್ಸು ಅರ್ಧ ಗಂಟೆಗೊಂದು ಇದೆ. ಅವಳು ನಿಲ್ಲದೇ ಹೋಗಿದ್ದು ಬಸ್ಸಿಗಲ್ಲ. ಭಾನುವಾರದಿಂದ ಆ ಹುಬ್ಬು ಎದ್ದಾಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು, ಮತ್ತು ಅದನ್ನು ಇನ್ನೊಂದು ಸಲ ಕೇಳುವ ಧೈರ್ಯ ಅವಳಿಗಿರಲಿಲ್ಲ.

ಆ ಮಾತು ಇಷ್ಟೇ. ಗಂಟಲಿಗೆ ನಳಿಗೆ ಬೇಡ.

ಉಸಿರಾಟ ದಿನದಿನಕ್ಕೆ ಇಳಿಯುತ್ತಿತ್ತು. ಮನೆಗೇ ಬಂದು ನೋಡುತ್ತಿದ್ದ ಡಾಕ್ಟರ್ ಅಮೂಲ್ಯ ಮುಚ್ಚಿಡದೆ ಹೇಳಿದ್ದರು. ಈ ವಾರವೋ ಮುಂದಿನ ವಾರವೋ ಉಸಿರು ಕೈಕೊಡುತ್ತದೆ, ಆಗ ಗಂಟಲಿಗೆ ತೂತು ಮಾಡಿ ನಳಿಗೆ ಹಾಕಿ ಯಂತ್ರಕ್ಕೆ ಜೋಡಿಸಬೇಕು, ಇಲ್ಲವೇ ನೋವಾಗದ ಹಾಗೆ ನೋಡಿಕೊಂಡು ಹೋಗಲು ಬಿಡಬೇಕು. ಯಾವುದು ಅಂತ ಮೊದಲೇ ಗೊತ್ತಾಗಬೇಕು. ಫ್ಯಾನ್ ಕೆಟ್ಟು ಲ್ಯಾಪ್‌ಟಾಪ್ ಬಿಸಿಯಾಗಿ ಆರಿಹೋಗುತ್ತಿದ್ದರಿಂದ ವಿಜಯಕುಮಾರ್ ಹೆಂಡತಿಗೆ ಅಕ್ಷರದ ಹಲಗೆಯ ಮೇಲೆ ಹೇಳಿದ. ಲ್ಯಾಪ್‌ಟಾಪ್ ಇಲ್ಲದ ಹೊತ್ತಿಗೆಂದು ಮಾಡಿಕೊಂಡ ಹಲಗೆ ಅದು. ಅವಳು ಬೆರಳಿಟ್ಟು ಸಾಲು ಓದುತ್ತಾಳೆ, ಅವನು ಹುಬ್ಬು ಎತ್ತುತ್ತಾನೆ. ಅವಳು ಅದನ್ನು ಶಿವಮೊಗ್ಗದ ರವೀಂದ್ರನಗರದಲ್ಲಿದ್ದ ಭಾವನಿಗೆ, ಗಂಡನ ಅಣ್ಣ ಷಡಕ್ಷರಪ್ಪನವರಿಗೆ, ಫೋನಿನಲ್ಲಿ ತಿಳಿಸಿದಳು.

ಷಡಕ್ಷರಪ್ಪ ಕೆಟ್ಟ ಮನುಷ್ಯರಲ್ಲ. ಹಾರ್ಡ್‌ವೇರ್ ಅಂಗಡಿ, ಮಹಡಿ ಮನೆ, ತಮ್ಮನನ್ನು ಮಗನ ಹಾಗೆ ಓದಿಸಿದವರು. ತಮ್ಮನಿಗೆ ಮಕ್ಕಳಿಲ್ಲ ಅಂತ ಅವನ ಎಲ್ಲ ಭಾರವನ್ನೂ ತನ್ನದು ಅಂದುಕೊಂಡವರು. ತಮ್ಮನಿಗೆಂದು ಕೆಳಗಿನ ಕೋಣೆಗೆ ಟೈಲ್ಸ್ ಹಾಕಿಸಿ, ಉಸಿರಾಟದ ಯಂತ್ರಕ್ಕೆ ಅಂತ ಇನ್ವರ್ಟರ್ ಕೂಡ ಕೂರಿಸಿದ್ದರು. ಅವರು ಭಾನುವಾರ ಸಂಜೆಯೇ ಕಾರು ಹಾಕಿಕೊಂಡು ಬಂದು, ನಿಂತೇ ಮಾತಾಡಿದರು.

“ನೀನು ಹೇಳಿದ್ದನ್ನ ಅವನು ಹೇಳಿದ್ದು ಅಂತ ನಾನ್ಯಾಕೆ ನಂಬ್ಲಿ ತಾಯಿ? ಹುಬ್ಬು ಅವನದು, ಬಾಯಿ ನಿಂದು.”

“ಭಾವ, ನಾನ್ಯಾಕೆ ಸುಳ್ಳು ಹೇಳ್ಲಿ?”

“ನಾಲ್ಕು ವರ್ಷ ಮಾಡಿದೀಯ. ಯಾರಿಗಾದ್ರೂ ಸಾಕಾಗುತ್ತೆ. ತಪ್ಪಲ್ಲ. ಆದ್ರೆ ನಿಂಗೆ ಸಾಕಾಗಿದ್ದನ್ನ ಅವನ ಹೆಸರಲ್ಲಿ ಹೇಳ್ಬೇಡ.”

ಡಾಕ್ಟರೂ ಬೇರೆ ರೀತಿಯಲ್ಲಿ ಅದನ್ನೇ ಹೇಳಿದರು. ಮಧ್ಯ ಯಾರೂ ಇರಬಾರದು, ಲ್ಯಾಪ್‌ಟಾಪಿನಲ್ಲಿ ಅವರೇ ಹೇಳಲಿ, ಶುಕ್ರವಾರ ಹನ್ನೊಂದಕ್ಕೆ ನಾನು ಬರುತ್ತೇನೆ, ಅಣ್ಣನವರೂ ಬರಲಿ. ಅವರಿಂದ ಮಾತು ಬರದಿದ್ದರೆ ನಿಯಮದ ಪ್ರಕಾರ ನಾವು ನಳಿಗೆ ಹಾಕಲೇಬೇಕಾಗುತ್ತದೆ.

ಜಯಶೀಲಾ ಆ ಮಾತನ್ನು ಮೂರು ದಿನ ಒಳಗೇ ಹೊರಳಿಸಿದ್ದಳು. ಅವನು ಬೇಡ ಅಂದರೆ ಅವಳ ಮೇಲಿನ ಅಪವಾದ ಹೋಗುತ್ತದೆ, ಅವನೂ ಹೋಗುತ್ತಾನೆ. ಮಾತೇ ಬರದಿದ್ದರೆ ಅಪವಾದ ಉಳಿಯುತ್ತದೆ, ಅವನೂ ಉಳಿಯುತ್ತಾನೆ.

ಗುರುವಾರ ಬೆಳಿಗ್ಗೆ ಗುರು ಬೈಕಿನಲ್ಲೇ ಬಂದ. ಫೋನಿನಲ್ಲಿ ವಿಷಯ ಕೇಳಿದಾಗಿನಿಂದ ಊಟ ಸೇರಿರಲಿಲ್ಲವಂತೆ. ಮಂಚದ ಹತ್ತಿರ ನಿಂತು, “ವಿಜಿ ಸರ್, ನಾನು ಒಳ್ಳೇದು ಅಂತ ಮಾಡಿದೆ ಸರ್,” ಅಂದ. ವಿಜಯಕುಮಾರ್ ಅವನನ್ನು ನೋಡಿದ. ಆ ಕಣ್ಣಿನಲ್ಲಿ ಸಿಟ್ಟಿತ್ತೋ ಕನಿಕರವಿತ್ತೋ, ಕಣ್ಣೊಂದರಿಂದಲೇ ಹೇಳಲಾಗದು.

ಗುರು ಕೂತು ಏನೇನೋ ಬಡಿದ. ಪರದೆಯ ಮೇಲೆ ಬಂದ ಇಂಗ್ಲಿಷನ್ನು ಗಟ್ಟಿಯಾಗಿ ಓದಿದ. “ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್. ಅಂದ್ರೆ ಅಕ್ಕ, ಒಳಗಿನ ಕರ್ನಲ್ ಅಂತ ಇರುತ್ತಲ್ಲ, ಬುಡದ ಸಾಫ್ಟ್‌ವೇರು, ಅದು ಹೊಸದಾಯ್ತು. ಸರ್ ಬರೆದ ಡ್ರೈವರ್ ಹಳೇದಕ್ಕೆ ಮಾಡಿದ್ದು.”

“ಸಾಹೇಬ್ರು ಬದಲಾದ್ರು, ಹಳೇ ಗೇಟ್‌ಪಾಸ್ ನಡೆಯಲ್ಲ ಅನ್ನು,” ಅಂದಳು ಜಯಶೀಲಾ.

“ಅದೇ ಅಕ್ಕ. ಹಳೇ ಸಾಹೇಬ್ರಿದ್ದಿದ್ರೆ ಅವರ ಹತ್ರಾನೇ ಹೋಗ್ಬಹುದಿತ್ತು. ಅವರನ್ನೂ ಕಸ ಅಂತ ಗುಡಿಸಿಬಿಟ್ಟೆ.” ಗುರು ಹಣೆ ಉಜ್ಜಿಕೊಂಡ. “ಪರವಾಗಿಲ್ಲ, ಸರ್ ಬರೆದಿದ್ದು ಇಲ್ಲೇ ಇದೆ. ಹೊಸ ಕರ್ನಲ್ ಇಟ್ಕೊಂಡು ಇನ್ನೊಂದ್ಸಲ ಕಟ್ಟಿದ್ರೆ ಆಯ್ತು.”

ತನ್ನ ಮೊಬೈಲಿನ ನೆಟ್ಟಿನಿಂದ ಬೇಕಾದ್ದನ್ನು ಇಳಿಸಿಕೊಂಡು ಕಟ್ಟಲು ಹಾಕಿದ. ಸಾಲುಸಾಲಾಗಿ ಬರಹ ಓಡಿ, ಕೆಂಪಗಾಗಿ ನಿಂತಿತು. ಎಂಬತ್ತೆಂಟನೇ ಸಾಲಿನಲ್ಲಿ ತಪ್ಪು. ಅವನು ನೆಟ್ಟಿನಲ್ಲಿ ಹುಡುಕಿದ, ಅದು ಹೇಳಿದ ಹಾಗೆ ಒಂದು ಕಡೆ ತಿದ್ದಿದ, ಒಂದಿದ್ದ ತಪ್ಪು ಆರಾಯಿತು. ವಾಪಸು ಮೊದಲಿನ ಹಾಗೇ ಮಾಡಿದ, ಒಂದಕ್ಕೆ ಇಳಿಯಿತು. ಮಧ್ಯಾಹ್ನ ಎರಡರ ಹೊತ್ತಿಗೆ ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು.

“ಆಗ್ತಿಲ್ಲ ಅಕ್ಕ. ನಾನು ಫ್ಯಾನ್ ಹಾಕೋನು, ಡಿಸ್‌ಪ್ಲೇ ಹಾಕೋನು. ಇದನ್ನ ಬರೆದವರೇ ಬಂದು ನೋಡ್ಬೇಕು.”

ಹೇಳಿದ ಮೇಲೆ ಅವನಿಗೇ ತಾನೇನಂದೆ ಅಂತ ಗೊತ್ತಾಯಿತು. ಬರೆದವರು ಮಂಚದ ಮೇಲೇ ಇದ್ದರು. ಅವರ ಹುಬ್ಬು ಬೆಳಗಿನಿಂದ ಏರುತ್ತಲೇ ಇತ್ತು.

ಜಯಶೀಲಾ ಹಲಗೆ ತೆಗೆದುಕೊಳ್ಳಲೇಬೇಕಾಯಿತು. ಸಾಲು ಸಾಲಾಗಿ ಬೆರಳಿಟ್ಟಳು. ಸಾ. ಲು. ಎಂ. ಬ. ಅವಳಿಗೆ ಅರ್ಥವಾಯಿತು. ಎಲ್ಲಿ ತಪ್ಪಿದೆ, ಏನು ತಿದ್ದಬೇಕು ಅಂತ ಅವನಿಗೆ ಗೊತ್ತಿದೆ. ಅವಳು ಓದಿ ಹೇಳಿದರೆ ಗುರು ಬಡಿಯುತ್ತಾನೆ, ಅರ್ಧ ಗಂಟೆಯಲ್ಲಿ ಹಸಿರು ದೀಪ ಹೊತ್ತುತ್ತದೆ, ನಾಳೆ ಹನ್ನೊಂದಕ್ಕೆ ಆ ಮಾತು ಮೂಗಿನ ದನಿಯಲ್ಲಿ ಹೊರಗೆ ಬರುತ್ತದೆ.

“ಏನಂತಿದಾರೆ ಅಕ್ಕ?”

ಅವಳ ಬೆರಳು ಹಲಗೆಯ ಮೇಲೇ ನಿಂತಿತು.

“ಸಾಕು ಅಂತಿದಾರೆ,” ಅಂದಳು. “ಸುಸ್ತಾಗಿದೆಯಂತೆ. ಆಗದಿದ್ರೆ ಬಿಡ್ಲಿ, ಪಾಪ ಗುರು ಹೋಗ್ಲಿ ಅಂತಿದಾರೆ.”

ಗುರು ಎದ್ದು ನಿಂತ. ಅವನ ಕಣ್ಣು ತುಂಬಿತ್ತು. “ಇಂಥಾ ಹೊತ್ತಲ್ಲೂ ನನ್ನ ಬಗ್ಗೆ ಯೋಚನೆ ಮಾಡ್ತಾರಲ್ಲ ಸರ್,” ಅಂದು ವಿಜಯಕುಮಾರನ ಪಾದ ಮುಟ್ಟಿ ಹೋದ.

ಬೈಕಿನ ಸದ್ದು ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ತಿರುಗಿ ನೋಡಿದಾಗ ಗಂಡ ಅವಳನ್ನೇ ನೋಡುತ್ತಿದ್ದ. ಕಿವಿ ಅವನಿಗೆ ಚೆನ್ನಾಗಿತ್ತು. ಸ್ವಲ್ಪ ಹೊತ್ತು ನೋಡಿ ಕಣ್ಣು ಮುಚ್ಚಿದ.

ಆಮೇಲೆ ತೆರೆಯಲಿಲ್ಲ. “ಗಂಜಿ ಹಾಕ್ಲಾ?” ಅಂದರೆ ಹುಬ್ಬು ಅಲ್ಲಾಡಲಿಲ್ಲ. “ಮಗ್ಗಲು ತಿರುಗಿಸ್ಲಾ? ಬೆನ್ನು ನೋಯ್ತಿದೆಯಾ? ರೀ, ನೊಣ ಕೂತಿದೆ, ಓಡಿಸ್ಲಾ?” ಏನಕ್ಕೂ ಇಲ್ಲ. ಮೂಗಿನ ನಳಿಗೆಯಲ್ಲಿ ಗಂಜಿ ಬಿಟ್ಟಾಗ ಬೇಡ ಅನ್ನಲಿಲ್ಲ, ಹ್ಞೂಂ ಅನ್ನಲಿಲ್ಲ. ಕಾರ್ಖಾನೆಯಲ್ಲಿ ಟೂಲ್‌ಡೌನ್ ಅಂತ ಮಾಡುತ್ತಿದ್ದರು. ಕೆಲಸಗಾರರು ಮನೆಗೆ ಹೋಗುತ್ತಿರಲಿಲ್ಲ, ಘೋಷಣೆ ಕೂಗುತ್ತಿರಲಿಲ್ಲ. ತಮ್ಮತಮ್ಮ ಯಂತ್ರದ ಪಕ್ಕ ಕೈಕಟ್ಟಿ ನಿಲ್ಲುತ್ತಿದ್ದರು, ಅಷ್ಟೇ. ಅವನಿಗೆ ಕಟ್ಟಲು ಕೈ ಇರಲಿಲ್ಲ, ಇದ್ದ ಒಂದು ಹುಬ್ಬನ್ನು ಕೆಳಗಿಟ್ಟಿದ್ದ.

ಅವಳು ಅವತ್ತು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಯ ತೋಳನ್ನು ಎರಡು ಸಲ ಉಲ್ಟಾ ಹೊಲಿದಳು. ಬಿಚ್ಚುತ್ತ ಕೂತಾಗ ಒಂದು ವಿಷಯ ಅವಳಿಗೆ ನಿಧಾನವಾಗಿ ಹೊಳೆಯಿತು. ಭಾವ ಹೇಳಿದ್ದನ್ನೇ ತಾನು ನಿಜ ಮಾಡಿದ್ದಳು. ಅವನ ಹುಬ್ಬಿಗೆ ತನ್ನ ಬಾಯಿ ಹಚ್ಚಿದ್ದಳು.

ಶುಕ್ರವಾರ ಬೆಳಗಾಗುತ್ತಲೇ ಎದ್ದು, ಅವನ ಮೈ ಒರೆಸಿ, ವಿಭೂತಿ ಹಚ್ಚಿ, ಕನ್ನಡಕ ಹಾಕಿದಳು. ರವಿಕೆ ಕತ್ತರಿಸುವ ಕಂದು ಕಾಗದದ ಮೇಲೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಐದೈದರಂತೆ ದಪ್ಪಗೆ ಬರೆದಳು. ಕೆಳಗೆ ಅಂಕಿಗಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು.

“ರೀ. ನಿನ್ನೆ ಎಂಬ ಅಂತ ಶುರು ಮಾಡಿದ್ರಲ್ಲ. ಮುಂದೆ ಹೇಳಿ.”

ಕಣ್ಣು ತೆರೆಯಿತು.

“ನಾನು ಮಾಡಿದ್ದು ತಪ್ಪು. ಬೈಯೋದಿದ್ರೆ ಆಮೇಲೆ ಬೈರಿ, ಈಗ ಹೊತ್ತಿಲ್ಲ. ಹೇಳಿ.”

ಹುಬ್ಬು ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಎದ್ದಿತು.

ಆರೂವರೆಗೆ ಶುರುವಾಗಿದ್ದು. ತಪ್ಪು ಏನಂತ ಓದು ಅಂದ. ಅವಳು ಕನ್ನಡ ಮೀಡಿಯಂ ಹತ್ತನೇ ಕ್ಲಾಸು. ಪರದೆಯ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದಳು. “ಟೂ ಮೆನಿ ಆರ್ಗ್ಯುಮೆಂಟ್ಸ್ ಅಂತೆ. ನಮ್ಮಿಬ್ರದು ಇದಕ್ಕೂ ಗೊತ್ತಾಗಿದೆ ನೋಡಿ.” ಅವನ ಕಣ್ಣಿನ ತುದಿ ಒಂದು ಗಳಿಗೆ ಸುಕ್ಕಾಯಿತು. ಅವಳಿಗೆ ಅಷ್ಟು ಸಾಕಿತ್ತು.

ಹಲಗೆಯ ಮೇಲೆ ಅವನು ಹೇಳಿದ್ದು ಸರಳ. ಹಿಂದಿನ ಕರ್ನಲ್ ಆ ಸಾಲಿನಲ್ಲಿ ಎರಡು ಮಾತು ಕೇಳುತ್ತಿತ್ತು. ಹೊಸದು ಒಂದೇ ಸಾಕು ಅನ್ನುತ್ತದೆ. ಮೊದಲನೆಯದನ್ನು ತೆಗೆ. ಇಷ್ಟನ್ನು ಹೇಳಲು ಅವನಿಗೆ ಐವತ್ತು ನಿಮಿಷ ಬೇಕಾಯಿತು, ಮಧ್ಯ ಎರಡು ಸಲ ಉಸಿರು ಸಾಲದೆ ನಿಲ್ಲಿಸಿದ. ಅವಳು ಫೈಲು ತೆರೆದು, ಬಾಣದ ಕೀ ಒತ್ತುತ್ತ ಒಂದೊಂದೇ ಸಾಲು ಇಳಿದಳು. ಎಂಬತ್ತೈದು, ಎಂಬತ್ತಾರು, ಎಂಬತ್ತೇಳು, ಎಂಬತ್ತೆಂಟು. ಅಲ್ಲಿದ್ದ ಆವರಣ ಚಿಹ್ನೆ, ಅಡಿಗೆರೆ, ಅರ್ಧವಿರಾಮಗಳ ಕಾಡಿನಲ್ಲಿ ಅವಳಿಗೆ ಒಂದೇ ಒಂದು ಪದ ಗುರುತು ಸಿಕ್ಕಿತು. ಎಚ್, ಯು, ಬಿ, ಬಿ, ಯು.

“ಹುಬ್ಬು ಅಂತ ಹೆಸರಿಟ್ಟಿದೀರಾ ಇದಕ್ಕೆ?”

ಹೌದು ಅಂದಿತು ಹುಬ್ಬು.

ಅವಳು ಅದನ್ನು ಉಳಿಸಿ, ಅದರ ಹಿಂದಿನ ಮಾತನ್ನೂ ಅಲ್ಪವಿರಾಮವನ್ನೂ ಅಳಿಸಿದಳು. ಹೆಚ್ಚಾದ ಬಟ್ಟೆ ಕತ್ತರಿಸಿದ ಹಾಗೆ. ಆಮೇಲೆ, ಕಟ್ಟಲು ಅವನು ಹೇಳಿಕೊಟ್ಟ ಪದ, ಎಂ, ಎ, ಕೆ, ಇ. ಎಂಟರ್ ಒತ್ತಿದಳು. ಬರಹ ಓಡಿತು. ಕೆಂಪು ಬರಲಿಲ್ಲ.

ಗಂಟೆ ಒಂಬತ್ತಾಗಿತ್ತು. ಕಟ್ಟಿದ್ದಾಯಿತು, ಇನ್ನು ಅದನ್ನು ಒಳಗೆ ಬಿಡಬೇಕು. ಅದಕ್ಕೊಂದು ಆಜ್ಞೆ. ಐ, ಎನ್, ಎಸ್, ಎಂ, ಓ, ಡಿ. ಅವಳು ಬಡಿದಳು. ಅಪ್ಪಣೆ ಇಲ್ಲ ಅಂತ ಬಂತು. ಆಜ್ಞೆಯ ಮೊದಲಿಗೆ ಇನ್ನೊಂದು ಪದ ಸೇರಿಸಬೇಕಿತ್ತು, ಎಸ್, ಯು, ಡಿ, ಓ. ಆಮೇಲೆ ಪಾಸ್‌ವರ್ಡ್, ಕಾರ್ಖಾನೆಯ ಅವನ ಟೋಕನ್ ನಂಬರು. ಅದು ಅವಳಿಗೆ ಬಾಯಿಪಾಠ. ಬರೆದಾಯಿತು. ಬೆರಳು ಎಂಟರ್ ಕೀಯ ಮೇಲೆ ಕೂತು ಅಲ್ಲೇ ನಿಂತಿತು.

“ಇದನ್ನ ಒತ್ತಿದ್ರೆ ನೀವು ಏನು ಹೇಳ್ತೀರ ಅಂತ ನಂಗೊತ್ತು,” ಅಂದಳು.

ಹುಬ್ಬು ಎದ್ದಿತು.

“ನಂಗೆ ಸಾಕಾಗಿಲ್ಲ ರೀ. ಭಾವ ಏನೇ ಅನ್ಲಿ. ಇನ್ನೂ ಹತ್ತು ವರ್ಷ ನಿಮ್ಮ ಮೈ ಒರೆಸ್ತೀನಿ.”

ಹುಬ್ಬು ಎದ್ದಿತು, ನಿಧಾನವಾಗಿ ಇಳಿಯಿತು.

ಅವಳು ಒತ್ತಿದಳು. ಏನೂ ಆಗಲಿಲ್ಲ. ಒಂದು ಅಕ್ಷರವೂ ಬರದೆ ಪರದೆ ಮುಂದಿನ ಸಾಲಿಗೆ ಹೋಗಿ ಮಿಣುಕುತ್ತ ನಿಂತಿತು. ಕೆಟ್ಟಿತು ಅಂತ ಅವಳಿಗನಿಸಿತು. ಅನಿಸಿದ ಕೂಡಲೇ ಎದೆಯೊಳಗೆ ಏನೋ ಹಗುರವಾಯಿತು, ಹಗುರವಾಗಿದ್ದಕ್ಕೆ ನಾಚಿಕೆಯಾಯಿತು. ಗಂಡನ ಕಣ್ಣು ಮಾತ್ರ ಪರದೆಯ ಕಡೆ ಇರಲಿಲ್ಲ. ಡಬ್ಬಿಯ ಕಡೆ ನೋಡುತ್ತಿತ್ತು. ಹಸಿರು ದೀಪ ಹೊತ್ತಿತ್ತು. ಕೆಲಸ ಕೆಟ್ಟರೆ ಮಾತ್ರ ಇದು ಕೂಗುತ್ತದೆ, ಸರಿಯಾದರೆ ತುಟಿ ಬಿಚ್ಚುವುದಿಲ್ಲ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಹನ್ನೊಂದಕ್ಕೆ ಡಾಕ್ಟರ್ ಅಮೂಲ್ಯ ಬಂದರು, ಹಿಂದೆಯೇ ಷಡಕ್ಷರಪ್ಪ. ಡಾಕ್ಟರ್ ಮೊದಲು ಜಯಶೀಲಾಳನ್ನು ಗೋಡೆಯ ಹತ್ತಿರ ಕುರ್ಚಿಯಲ್ಲಿ ಕೂರಿಸಿದರು. ಕೀಬೋರ್ಡು ಅವಳಿಗೆ ಎಟುಕುತ್ತಿಲ್ಲ ಅಂತ ಷಡಕ್ಷರಪ್ಪನವರಿಗೆ ಕಾಣುವ ಹಾಗೆ.

“ವಿಜಯಕುಮಾರ್, ಉಸಿರಾಟ ಕಷ್ಟ ಆದಾಗ ಗಂಟಲಿಗೆ ನಳಿಗೆ ಹಾಕಿ ಯಂತ್ರಕ್ಕೆ ಜೋಡಿಸೋದು ನಿಮಗೆ ಒಪ್ಪಿಗೆಯಾ?”

ಅಕ್ಷರಗಳು ಸರಿದವು. ಹುಬ್ಬು ಎದ್ದಾಗೊಮ್ಮೆ ಒಂದು ಅಕ್ಷರ ಕೆಳಗಿಳಿದು ಕೂತಿತು. ನಾಲ್ಕು ನಿಮಿಷದ ಮೇಲೆ ಲ್ಯಾಪ್‌ಟಾಪ್ ಮೂಗಿನಲ್ಲಿ ಹೇಳಿತು, “ನಳಿಗೆ ಬೇಡ. ಯಂತ್ರ ಬೇಡ.”

“ಹಾಕದಿದ್ರೆ ಜೀವ ಹೋಗುತ್ತೆ ಅಂತ ಗೊತ್ತಿದೆಯಾ?”

“ಗೊತ್ತು.”

“ಇನ್ನೊಂದ್ಸಲ ಕೇಳಿ ಡಾಕ್ಟ್ರೇ,” ಅಂದರು ಷಡಕ್ಷರಪ್ಪ. ಡಾಕ್ಟರ್ ಮಾತು ಬದಲಿಸಿ ಕೇಳಿದರು. ಉತ್ತರ ಬದಲಾಗಲಿಲ್ಲ. ಷಡಕ್ಷರಪ್ಪ ಆಗ ತಾವೇ ಮಂಚದ ಅಂಚಿಗೆ ಕೂತು, ತಮ್ಮನ ಅಲ್ಲಾಡದ ಕೈ ಹಿಡಿದುಕೊಂಡರು.

“ಯಾಕೋ? ನನ್ನ ಮನೇಲಿ ನಿಂಗೆ ಜಾಗ ಇಲ್ವೇನೋ? ಕರೆಂಟ್ ಹೋದ್ರೆ ಅಂತ ಇನ್ವರ್ಟರ್ ಹಾಕ್ಸಿದೀನಿ. ನರ್ಸ್ ಇಡ್ತೀನಿ. ಇವಳಿಗೂ ರೆಸ್ಟ್ ಸಿಗುತ್ತೆ. ಇರೋ ನಮ್ ಜೊತೆ.”

ಈ ಸಲ ಬಹಳ ಹೊತ್ತು ಹಿಡಿಯಿತು. ಹುಬ್ಬಿನ ಮೇಲೆ ಬೆವರು ಕೂಡಿ ಗಾಜಿನ ಕಣ್ಣು ಮಸುಕಾಯಿತು. ಡಾಕ್ಟರೇ ಹತ್ತಿಯಿಂದ ಒರೆಸಿದರು, ಜಯಶೀಲಾ ಏಳಹೋದರೆ ಕೈ ಅಡ್ಡ ಮಾಡಿದರು. ಹೊರಗೆ ಕಾಶಮ್ಮ ಯಾರನ್ನೋ ಗದರುತ್ತಿದ್ದುದು ಕೇಳಿ ಬರುತ್ತಿತ್ತು. ಕೊನೆಗೆ ಲ್ಯಾಪ್‌ಟಾಪ್ ಓದಿತು.

“ಅಣ್ಣ. ಹುಬ್ಬೂ ಹೋಗುತ್ತೆ. ಯಂತ್ರ ನಡೀತಾ ಇರುತ್ತೆ. ಸಾಕು ಅಂತ ಹೇಳೋಕೆ ಆಗ ಏನೂ ಇರಲ್ಲ. ನನ್ನ ಮಾತು ಬೇರೆಯವರು ಹೇಳ್ತಾರೆ. ಹೇಗಿರುತ್ತೆ ಅಂತ ನಿನ್ನೆ ನೋಡಿದೆ.”

ನಿನ್ನೆ ಅಂದರೆ ಲ್ಯಾಪ್‌ಟಾಪ್ ಕೆಟ್ಟಿದ್ದ ದಿನ ಅಂತ ಷಡಕ್ಷರಪ್ಪ ತಿಳಿದರು. ಡಾಕ್ಟರೂ ಹಾಗೇ ತಿಳಿದು ತಲೆಯಾಡಿಸಿದರು. ನಿನ್ನೆ ಏನಾಯಿತು ಅಂತ ಗೊತ್ತಿದ್ದವರು ಆ ಕೋಣೆಯಲ್ಲಿ ಇಬ್ಬರೇ. ಜಯಶೀಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಅವಳು ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಅವನನ್ನು ಉಳಿಸಿಕೊಳ್ಳಲು. ಉಳಿದರೆ ತನ್ನ ಬಾಳು ಹೇಗಿರುತ್ತದೆ ಅಂತ ಅವನು ಆ ಒಂದು ಸುಳ್ಳಿನಲ್ಲೇ ಪೂರ್ತಿ ಕಂಡಿದ್ದ.

ಷಡಕ್ಷರಪ್ಪ ತಮ್ಮನ ಕೈಯನ್ನು ಹಾಸಿಗೆಯ ಮೇಲೆ ಮೆಲ್ಲಗೆ ಇಟ್ಟರು. ಆಮೇಲೆ ಜಯಶೀಲಾಳ ಕಡೆ ತಿರುಗದೆ, “ನಿಂಗೆ ಏನೇನೋ ಅಂದೆ ತಾಯಿ,” ಅಂದರು.

“ಬಿಡಿ ಭಾವ,” ಅಂದಳು. ಬೇರೆ ಏನು ಹೇಳಿದ್ದರೂ ನಿಜವೆಲ್ಲ ಹೊರಗೆ ಬಂದುಬಿಡುತ್ತಿತ್ತು.

ಡಾಕ್ಟರ್ ಫಾರಂ ತೆಗೆದರು. ಹೆಸರು, ವಯಸ್ಸು, ಕಾಯಿಲೆ ಬರೆದು ಒಂದು ಕಡೆ ಪೆನ್ನು ನಿಲ್ಲಿಸಿದರು. “ರೋಗಿಯ ಇಚ್ಛೆ ತಿಳಿಸಿದವರು ಅಂತ ಇದೆ. ಅಣ್ಣನವರು ಹೇಳ್ಬೇಕು, ಏನು ಬರೀಲಿ?”

“ಅವನೇ ಹೇಳಿದ,” ಅಂದರು ಷಡಕ್ಷರಪ್ಪ. “ಹಾಗೇ ಬರೀರಿ.”

ಅವರು ಸಹಿ ಹಾಕಿದರು. ಜಯಶೀಲಾ ಅದರ ಕೆಳಗೆ ಹಾಕಿದಳು. ಒಂದು ಪ್ರತಿ ಡಾಕ್ಟರ ಚೀಲಕ್ಕೆ ಹೋಯಿತು. ಇನ್ನೊಂದನ್ನು ಮಂಚದ ತಲೆದೆಸೆಯಲ್ಲಿ, ಬಾಗಿಲಿಂದ ಬಂದವರಿಗೆ ಮೊದಲು ಕಾಣುವ ಹಾಗೆ ಗೋಡೆಗೆ ಅಂಟಿಸಬೇಕಂತೆ. ಗಾಬರಿಯಲ್ಲಿ ಯಾರಾದರೂ ಆಂಬ್ಯುಲೆನ್ಸ್ ಕರೆಸಿದರೆ ಅವರು ಅದನ್ನು ಓದಿ ನಿಲ್ಲಬೇಕು. ಜಯಶೀಲಾ ಹೊಲಿಗೆ ಯಂತ್ರದ ಖಾನೆಯಿಂದ ಟೇಪು ತಂದಳು. ಷಡಕ್ಷರಪ್ಪ ಎರಡೂ ಅಂಗೈಯಿಂದ ಕಾಗದವನ್ನು ಗೋಡೆಗೆ ಒತ್ತಿ ಹಿಡಿದರು. ಅವಳು ನಾಲ್ಕು ಮೂಲೆಗೂ ಟೇಪು ಹಾಕಿ, ಕಿತ್ತುಬರದ ಹಾಗೆ ಹೆಬ್ಬೆರಳಿನಿಂದ ತಿಕ್ಕಿದಳು.